ಕೈಯಿಂದ ಕಟ್ಟೋ ದುಡ್ಡು ಯಾವುದಕ್ಕೆ ಇರ್ಬೇಕು, ಯಾವುದಕ್ಕೆ ಇರ್ಲೇಬಾರ್ದು?

ಹಾರ್ಟ್ ಅಟ್ಯಾಕ್ ಆಗಿ ಉಳ್ಕೊಂಡು ಮನೆಗೆ ಬಂದವ್ರಿಗೆ ಡಾಕ್ಟ್ರು ಒಂದಷ್ಟು ಮಾತ್ರೆ ಬರ್ಕೊಡ್ತಾರೆ, ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್, ಹೃದಯದ ಬಡಿತ ನಿಧಾನ ಮಾಡೋ ಬೀಟಾ ಬ್ಲಾಕರ್, ಬಿಪಿದು ಇನ್ನೊಂದು. ಮತ್ತೆ ಅಟ್ಯಾಕ್ ಆಗೋ ಅಪಾಯನ ಇವು ಕಮ್ಮಿ ಮಾಡ್ತವೆ ಅಂತ ಚೆನ್ನಾಗೇ ಗೊತ್ತಿದೆ, ಆದ್ರೂ ಎಷ್ಟೋ ಜನ ಮಧ್ಯದಲ್ಲೇ ಬಿಟ್ಬಿಡ್ತಾರೆ. ಕಾರಣ ಬೇಕಾದಷ್ಟಿವೆ, ಅದ್ರಲ್ಲಿ ಒಂದು ಇನ್ಶೂರೆನ್ಸ್ ಇದ್ರೂ ಪ್ರತಿ ಸಲ ಕೈಯಿಂದ ಕಟ್ಟಬೇಕಾದ ಕೋ-ಪೇ.

ಈ ಕೋ-ಪೇ ಸುಮ್ನೆ ಬಂದಿದ್ದಲ್ಲ. ಎಲ್ಲಾ ಫ್ರೀ ಅಂದ್ರೆ ಬೇಡದ ಟೆಸ್ಟು, ಬೇಡದ ಔಷಧಿ ಜಾಸ್ತಿ ಆಗುತ್ತೆ, ಕೊನೆಗೆ ಅದು ಎಲ್ಲರ ಪ್ರೀಮಿಯಂ ಮೇಲೇ ಬೀಳುತ್ತೆ ಅನ್ನೋದು ಲೆಕ್ಕ. ಅದು ನಿಜಾನಾ ಅಂತ ನೋಡೋಕೆ ಅಮೆರಿಕದ ರಾಂಡ್ ಸಂಸ್ಥೆ 1974ರಿಂದ 1982ರವರೆಗೆ ದೊಡ್ಡ ಪ್ರಯೋಗನೇ ಮಾಡ್ತು, ಸಾವಿರಾರು ಕುಟುಂಬಗಳನ್ನ ಚೀಟಿ ಎತ್ತಿದ ಹಾಗೆ ಬೇರೆ ಬೇರೆ ಪ್ಲಾನ್‌ಗೆ ಹಾಕಿದ್ರು, ಕೆಲವ್ರಿಗೆ ಪೂರ್ತಿ ಫ್ರೀ, ಕೆಲವ್ರು ಒಂದು ಮಿತಿವರೆಗೆ 95% ತಾವೇ ಕಟ್ಟಬೇಕು. ಜಾಸ್ತಿ ಕಟ್ಟಬೇಕಾದವ್ರ ಚಿಕಿತ್ಸೆಯ ಒಟ್ಟು ಖರ್ಚು ಫ್ರೀ ಪ್ಲಾನ್‌ನವ್ರಿಗಿಂತ ಹತ್ತಿರತ್ತಿರ 30% ಕಮ್ಮಿ ಇತ್ತು. ಆದ್ರೆ ಜನ ಬೇಡದ್ದನ್ನ ಮಾತ್ರ ಬಿಡ್ಲಿಲ್ಲ, ಬೇಕಾದ್ದನ್ನೂ ಅಷ್ಟೇ ಬಿಟ್ರು! ಹೆಚ್ಚಿನವರ ಆರೋಗ್ಯದಲ್ಲಿ ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ ನಿಜ, ಆದ್ರೆ ಬಡವ್ರಲ್ಲಿ ಬಿಪಿ ಇದ್ದವ್ರಿಗೆ ಫ್ರೀ ಪ್ಲಾನಲ್ಲೇ ಬಿಪಿ ಹೆಚ್ಚು ಹತೋಟಿಗೆ ಬಂದಿತ್ತು. ನಂಗೆ ಇಡೀ ಪ್ರಯೋಗದಲ್ಲಿ ಮುಖ್ಯ ಅನ್ಸೋದು ಇದೇ, ಯಾವ ಚಿಕಿತ್ಸೆ ಬಿಡಬಹುದು ಯಾವುದು ಬಿಡಬಾರ್ದು ಅಂತ ರೋಗಿಗೆ ಹೇಗೆ ಗೊತ್ತಾಗ್ಬೇಕು?

ಮಿಶಿಗನ್ ಯೂನಿವರ್ಸಿಟಿಯ ಮಾರ್ಕ್ ಫೆಂಡ್ರಿಕ್, ಆಗ ಅಲ್ಲೇ ಇದ್ದ ಮೈಕಲ್ ಚೆರ್ನ್ಯೂ ಥರದ ಸಂಶೋಧಕರು ಕೇಳಿದ್ದು ಸರಳ ಪ್ರಶ್ನೆ: ರೋಗಿಯ ಪಾಲನ್ನ ಔಷಧಿ ರೇಟ್ ನೋಡಿ ಯಾಕೆ ಇಡ್ತೀರಾ, ಅದ್ರಿಂದ ಎಷ್ಟು ಉಪಯೋಗ ಅಂತ ನೋಡಿ ಇಡಿ. ಜೀವ ಉಳಿಸೋದಕ್ಕೆ ಸೊನ್ನೆ, ಉಪಯೋಗ ಕಮ್ಮಿ ಇರೋದಕ್ಕೆ ಜಾಸ್ತಿ. ಇಲ್ಲೊಂದು ಸೂಕ್ಷ್ಮ ಇದೆ, ಒಂದೇ ಟೆಸ್ಟು ಎಲ್ಲರಿಗೂ ಒಂದೇ ಬೆಲೆಬಾಳಲ್ಲ. ಅಪ್ಪಂಗೋ ಅಕ್ಕಂಗೋ ದೊಡ್ಡ ಕರುಳಿನ ಕ್ಯಾನ್ಸರ್ ಆಗಿರೋ 40 ವರ್ಷದವ್ರಿಗೆ ಕೊಲೊನೋಸ್ಕೋಪಿ (ಕ್ಯಾಮೆರಾ ಹಾಕಿ ಕರುಳಿನ ಒಳಗೆ ನೋಡೋ ಟೆಸ್ಟು) ಬೇಕೇ ಬೇಕು, ಯಾವ ಲಕ್ಷಣನೂ ಇಲ್ಲದ, ಮನೇಲಿ ಯಾರಿಗೂ ಬರದ 30 ವರ್ಷದವ್ರಿಗೆ ಅದ್ರಿಂದ ಸಿಗೋದು ತೀರಾ ಕಮ್ಮಿ.

2011ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹಾರ್ಟ್ ಅಟ್ಯಾಕ್ ಆದ 5,855 ಜನರಲ್ಲಿ ಒಂದು ಗುಂಪಿಗೆ ಆ ಮಾತ್ರೆಗಳ ಕೋ-ಪೇ ತೆಗೆದ್ರು. ಮಾತ್ರೆ ಸರಿಯಾಗಿ ತಗೊಳ್ಳೋದು 4ರಿಂದ 6 ಪರ್ಸೆಂಟೇಜ್ ಪಾಯಿಂಟ್ ಅಷ್ಟೇ ಏರ್ತು, ಮುಖ್ಯವಾಗಿ ಅಳೀಬೇಕು ಅಂದ್ಕೊಂಡಿದ್ದ ಫಲಿತಾಂಶದಲ್ಲಿ (ಮೊದಲ ದೊಡ್ಡ ಅವಘಡ ಅಥವಾ ರಕ್ತನಾಳ ತೆರೆಯೋ ಚಿಕಿತ್ಸೆ) ಖಚಿತ ವ್ಯತ್ಯಾಸ ಸಿಗ್ಲಿಲ್ಲ, ಆದ್ರೆ ಹೃದಯ ರಕ್ತನಾಳದ ಅವಘಡಗಳು ಒಟ್ಟಾರೆ ಕಮ್ಮಿ ಆದ್ವು, ಒಟ್ಟು ಖರ್ಚೂ ಏರ್ಲಿಲ್ಲ. ಪವಾಡ ಏನಲ್ಲ, ಫ್ರೀ ಮಾಡಿದ್ ತಕ್ಷಣ ಎಲ್ರೂ ಮಾತ್ರೆ ನುಂಗಲ್ಲ, ಮರೆವು, ಸೈಡ್ ಎಫೆಕ್ಟ್ ಭಯ ಎಲ್ಲಾ ಇರುತ್ತೆ. ಆದ್ರೂ ಜಾಸ್ತಿ ಖರ್ಚಿಲ್ಲದೆ ಅಷ್ಟು ಸಿಕ್ರೆ ಅದನ್ನ ಬಿಡೋಕೆ ಕಾರಣ ನಂಗಂತೂ ಕಾಣಲ್ಲ.

ಕಷ್ಟ ಇರೋದು ಇನ್ನೊಂದು ಕಡೆ. ಒಳ್ಳೇದಕ್ಕೆ ಕೋ-ಪೇ ಇಳಿಸೋಕೆ ಯಾರೂ ಬೇಡ ಅನ್ನಲ್ಲ, ಉಪಯೋಗ ಕಮ್ಮಿ ಇರೋದಕ್ಕೆ ಏರಿಸೋಕೆ ಹೋದ್ರೆ ಎಲ್ರೂ ಎದ್ದು ನಿಲ್ತಾರೆ. ಮೇಲಾಗಿ ಸಾಮಾನ್ಯ ಬೆನ್ನುನೋವಿಗೆ ಮೊದಲ ವಾರದಲ್ಲೇ ಎಂಆರ್‌ಐ ಬರೆಯೋದು ಡಾಕ್ಟ್ರು, ಅದ್ರ ದಂಡ ರೋಗಿ ಮೇಲೆ ಹಾಕೋದು ಯಾವ ನ್ಯಾಯ? ಅದನ್ನ ಡಾಕ್ಟ್ರಿಗೆ ಕೊಡೋ ಪೇಮೆಂಟ್ ಕಡೆಯಿಂದಾನೇ ಸರಿಮಾಡ್ಬೇಕು.

ಅಮೆರಿಕದಲ್ಲಿ 2010ರ ಕಾನೂನು ಹೆಚ್ಚಿನ ಪ್ಲಾನ್‌ಗಳಲ್ಲಿ ಸಾಕ್ಷ್ಯ ಗಟ್ಟಿ ಇರೋ ಮುಂಜಾಗ್ರತಾ ಟೆಸ್ಟು, ಲಸಿಕೆಗಳಿಗೆ ಕೋ-ಪೇ ತೆಗೀತು, 2023ರಿಂದ ಮುಖ್ಯವಾಗಿ ವಯಸ್ಸಾದವ್ರಿಗಿರೋ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್‌ನಲ್ಲಿ ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ಮಿತಿ ಬಂತು. ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡೋಕೆ ಶುರು ಮಾಡೋ ಮುಂಚೆ ವರ್ಷಕ್ಕೆ ಕೈಯಿಂದ ಕಟ್ಟಬೇಕಾದ ಮೊತ್ತ) ಜಾಸ್ತಿ ಇರೋ ಪ್ಲಾನ್‌ಗಳಿಗೆ 2019ರಲ್ಲಿ ಒಂದು ಅನುಮತಿ ಸಿಕ್ತು, ಡಿಡಕ್ಟಿಬಲ್ ಮುಗಿಯೋ ಮುಂಚೆನೇ ಶುಗರ್ ಇರೋರಿಗೆ ಇನ್ಸುಲಿನ್, ಆಸ್ತಮಾ ಇರೋರಿಗೆ ಇನ್ಹೇಲರ್ ಕವರ್ ಮಾಡ್ಬಹುದು ಅಂತ. ಮಾಡ್ಬಹುದು ಅಷ್ಟೇ, ಮಾಡ್ಲೇಬೇಕು ಅಂತಲ್ಲ, ಹಾಗಾಗಿ ಒಂದೇ ಕಾಯಿಲೆ ಇರೋ ಇಬ್ರಲ್ಲಿ ಒಬ್ರಿಗೆ ವರ್ಷದ ಮೊದಲ ದಿನದಿಂದ್ಲೇ ಇನ್ಹೇಲರ್ ಸಿಗುತ್ತೆ, ಇನ್ನೊಬ್ರು ಡಿಡಕ್ಟಿಬಲ್ ತುಂಬೋವರೆಗೂ ಪೂರ್ತಿ ದುಡ್ಡು ಕಟ್ತಾನೇ ಇರ್ಬೇಕಾಗುತ್ತೆ.