ಮೊದಲು ರೇಡಿಯೊ, ಆಮೇಲೆ ಸೈಬರ್

ಅಗ್ನಿವೀರ್ ಭರ್ತಿಗೆ ತಯಾರಾಗುವ ಹುಡುಗರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು ಒಂದೇ ಪ್ರಶ್ನೆ. ‘ಸರ್, ಸಿಗ್ನಲ್ಸ್‌ಗೆ ಹೋದರೆ ಹ್ಯಾಕಿಂಗ್ ಕಲಿಸ್ತಾರಾ?’ ಸಿಗ್ನಲ್ಸ್ ಅಂದರೆ ಸೈನ್ಯದ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ದಳ. ನಾನು ಸೈನ್ಯದಲ್ಲಿ ರೇಡಿಯೊ ಆಪರೇಟರ್ ಆಗಿ ಸೇರಿದವನು. ಆಮೇಲೆ ಹೊಸಬರಿಗೆ ಕಲಿಸುವ ಕೆಲಸವನ್ನೇ ಮಾಡಿದವನು. ಹಾಗಾಗಿ ಉತ್ತರ ನೇರವಾಗಿ ಹೇಳುತ್ತೇನೆ: ಸೈಬರ್ ಕೆಲಸ ಇದೆ, ಕಲಿಸುವವರೂ ಇದ್ದಾರೆ, ಆದರೆ ಅದಕ್ಕೂ ಮೊದಲು ಒಂದು ಸಂದೇಶವನ್ನು ತಪ್ಪಿಲ್ಲದೆ, ಚಿಕ್ಕದಾಗಿ, ಬೇಕಾದವನಿಗೆ ಮಾತ್ರ ತಲುಪಿಸುವುದನ್ನು ಕಲಿಯಬೇಕು. ಅದು ಬಾರದವನ ಕೈಗೆ ಕಂಪ್ಯೂಟರ್ ಕೊಟ್ಟರೆ ಅಪಾಯವೇ ಜಾಸ್ತಿ.

ಎಲ್ಲಿ ಕಲಿಸುತ್ತಾರೆ ಎಂಬುದನ್ನು ಬೇಗ ಮುಗಿಸಿಬಿಡುತ್ತೇನೆ. ಸೈನ್ಯದ ಸಿಗ್ನಲ್ಸ್ ದಳ ಶುರುವಾದದ್ದು 1911ರ ಫೆಬ್ರವರಿ 15ರಂದು. ಜವಾನರ ತರಬೇತಿ ಕೇಂದ್ರ ಜಬಲ್ಪುರದಲ್ಲೊಂದು, ಗೋವಾದಲ್ಲೊಂದು. ಗೋವಾದ್ದು ನಮ್ಮ ಕಾರವಾರದಿಂದ ಹೆಚ್ಚುಕಡಿಮೆ ನೂರು ಕಿಲೋಮೀಟರ್ ಅಷ್ಟೇ. ಮುಂದಿನ ಹಂತದ ಓದು ಮಧ್ಯಪ್ರದೇಶದ ಮಹೂ ಕಾಲೇಜಿನಲ್ಲಿ. ನೇವಿಗೆ ಹೋದರೆ ಮೊದಲು ಒಡಿಶಾದ ಐಎನ್‌ಎಸ್ ಚಿಲ್ಕಾ, ಆಮೇಲೆ ಸಂಪರ್ಕ ವಿಭಾಗದವರಿಗೆ ಕೊಚ್ಚಿಯ ಸಿಗ್ನಲ್ ಸ್ಕೂಲ್. 2005ರಲ್ಲಿ ಇಲ್ಲಿನ ನೌಕಾನೆಲೆ ಐಎನ್‌ಎಸ್ ಕದಂಬ ಬಂದ ಮೇಲೆ ಕಾರವಾರದ ಮಕ್ಕಳ ಕಣ್ಣು ನೇವಿ ಕಡೆಗೇ ಇರುತ್ತದೆ, ಅದು ಸಹಜ. ಆದರೆ ಈ ವಿದ್ಯೆಯ ಬುಡ ಎರಡೂ ಕಡೆ ಒಂದೇ.

ಮೊದಲ ಪಾಠ ಮಾತಾಡುವುದು. ರೇಡಿಯೊ ಸೆಟ್ಟಿನ ಗುಂಡಿ ಒತ್ತಬೇಕು, ಒಂದು ಕ್ಷಣ ತಡೆಯಬೇಕು, ಆಮೇಲೆ ಬಾಯಿ ಬಿಡಬೇಕು. ಹೊಸಬ ಗುಂಡಿ ಒತ್ತುತ್ತಲೇ ಮಾತು ಶುರು ಮಾಡುತ್ತಾನೆ, ಮೊದಲ ಶಬ್ದ ಹಾರಿಹೋಗುತ್ತದೆ, ಆ ಮೊದಲ ಶಬ್ದ ಸಾಮಾನ್ಯವಾಗಿ ಯಾರನ್ನು ಕರೆಯುತ್ತಿದ್ದಾನೋ ಅವರ ಕರೆಹೆಸರೇ ಆಗಿರುತ್ತದೆ! ಯಾರೂ ಉತ್ತರ ಕೊಡುವುದಿಲ್ಲ. ಇವನು ಮತ್ತೆ ಕರೆಯುತ್ತಾನೆ, ಈ ಸಲ ಕಿರುಚಿ. ಕಿರುಚಿದರೆ ಧ್ವನಿ ಒಡೆದು ಇನ್ನೂ ಅರ್ಥವಾಗುವುದಿಲ್ಲ. ಮೈಕನ್ನು ತುಟಿಯ ಹತ್ತಿರ ಹಿಡಿದು, ಮಾಮೂಲಿ ಧ್ವನಿಯಲ್ಲಿ, ಆ ಕಡೆಯವನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುವ ವೇಗಕ್ಕೆ ಮಾತಾಡಬೇಕು. ಅಂಕಿಗಳನ್ನು ಒಂದೊಂದಾಗಿ ಹೇಳಬೇಕು. ಗದ್ದಲದಲ್ಲಿ ಬಿ, ಡಿ, ಪಿ, ಟಿ ಎಲ್ಲ ಒಂದೇ ಥರ ಕೇಳುತ್ತವೆ, ಅದಕ್ಕೇ ಅವುಗಳ ಬದಲು ಬ್ರಾವೊ, ಡೆಲ್ಟಾ, ಪಾಪಾ, ಟ್ಯಾಂಗೊ ಎನ್ನುತ್ತೇವೆ. ಮುಖ್ಯ ಸಂದೇಶವಾದರೆ ಕೇಳಿಸಿಕೊಂಡವನು ಅದನ್ನು ಪೂರ್ತಿ ತಿರುಗಿ ಓದಿ ಹೇಳಬೇಕು. ಮಕ್ಕಳಿಗೆ ಇದು ಬೇಜಾರಿನ ಕೆಲಸ ಅನಿಸುತ್ತದೆ. ಆಗ ನಾನು 1971ರ ಯುದ್ಧದ ಕಥೆ ಹೇಳುತ್ತೇನೆ.

ಡಿಸೆಂಬರ್ 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಹತ್ತಿರ ಪಾಕಿಸ್ತಾನದ ಖೈಬರ್ ಹಡಗಿಗೆ ಹೊಡೆದವು. ಮುಳುಗುವ ಮೊದಲು ಖೈಬರ್ ಒಂದು ಸಂದೇಶ ಕಳಿಸಿತು. ಹೊಡೆದದ್ದು ವಿಮಾನ ಎಂದು ಅದರಲ್ಲಿತ್ತು. ಗಾಬರಿಯಲ್ಲಿ ಕೊಟ್ಟ ತನ್ನ ಜಾಗವೂ ತಪ್ಪಾಗಿತ್ತು. ರಕ್ಷಣೆಗೆ ಹೊರಟವರು ಸರಿಯಾದ ಜಾಗ ಮುಟ್ಟುವಾಗ ತಡವಾಗಿತ್ತು. ನಾಲ್ಕಾರು ಅಂಕಿಯ ತಪ್ಪು, ಅಷ್ಟೇ. ಶತ್ರುವಿನ ಹಡಗಾದರೇನು, ನೀರಿನಲ್ಲಿದ್ದದ್ದು ಮನುಷ್ಯರು, ಅಲ್ವಾ.

ಇದೇ ಮಾತನ್ನು ಕಾರವಾರದ ಬೈತಖೋಲ ಬಂದರಿನ ತಾಂಡೇಲರಿಗೂ, ಅಂದರೆ ಮೀನುಗಾರಿಕೆ ಬೋಟು ನಡೆಸುವವರಿಗೂ ಹೇಳುತ್ತೇನೆ. ಬೋಟಿನ ವಿಎಚ್‌ಎಫ್, ಅಂದರೆ ಹತ್ತಿರದ ಮಾತಿಗೆ ಬಳಸುವ ರೇಡಿಯೊ ಸೆಟ್ಟಿನಲ್ಲಿ 16ನೇ ಚಾನೆಲ್ ಇರುವುದು ಕಷ್ಟದ ಕರೆಗೆ. ಮೂರು ಸಲ ‘ಮೇಡೇ’, ಬೋಟಿನ ಹೆಸರು, ಕೂಡಲೇ ಜಾಗ, ಆಮೇಲೆ ಏನಾಯಿತು, ಎಷ್ಟು ಜನ ಇದ್ದೀರಿ. ಬ್ಯಾಟರಿ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ, ಹಾಗಾಗಿ ಜಾಗ ಮೊದಲೇ ಹೋಗಿಬಿಡಬೇಕು. ಮೊಬೈಲ್ ಸಿಗುವಷ್ಟು ದಡದ ಹತ್ತಿರವಿದ್ದರೆ ಕೋಸ್ಟ್ ಗಾರ್ಡ್‌ನ 1554 ಇದೆ.

ಈಗ ನನಗೆ ಬಹಳ ಇಷ್ಟವಾದ ವಿಷಯ. ರೇಡಿಯೊ ಅಲೆ ಹೇಗೆ ಹೋಗುತ್ತದೆ ಎಂದು ಕಲಿಯಲು ಉತ್ತರ ಕನ್ನಡದಂಥ ಜಾಗ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟೇ ದೂರ ಹೋಗುತ್ತದೆ. ಲೆಕ್ಕ ಸುಲಭ: ಆಂಟೆನಾ ನೆಲದಿಂದ ಎಷ್ಟು ಮೀಟರ್ ಎತ್ತರವೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ, ಕಿಲೋಮೀಟರ್ ಸಿಗುತ್ತದೆ. ಬೋಟಿನ ಆಂಟೆನಾ 4 ಮೀಟರ್ ಎತ್ತರ ಇದ್ದರೆ 8 ಕಿಲೋಮೀಟರ್ ಚಿಲ್ಲರೆ. ಎರಡು ಬೋಟುಗಳ ನಡುವೆ ಎರಡರದ್ದೂ ಕೂಡಿಸಿ 16 ಚಿಲ್ಲರೆ. ಅದೇ ಸದಾಶಿವಗಡದಂಥ ಗುಡ್ಡದ ಮೇಲೆ, 60 ಮೀಟರ್ ಎತ್ತರದಲ್ಲಿ ಆಂಟೆನಾ ಇಟ್ಟರೆ ಅದೊಂದಕ್ಕೇ 32 ಕಿಲೋಮೀಟರ್. ಸೈನ್ಯಕ್ಕೆ ಎತ್ತರದ ಜಾಗದ ಮೇಲೆ ಅಷ್ಟು ಆಸೆ ಯಾಕೆ ಎನ್ನುವುದಕ್ಕೆ ಇದೂ ಒಂದು ಕಾರಣ.

ಆದರೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿ ನೋಡಿ. ನಡುವೆ ಗುಡ್ಡ, ತಿರುವು, ಒದ್ದೆ ಕಾಡು. ಆ ಕಣಿವೆಗಳಲ್ಲಿ ವಿಎಚ್‌ಎಫ್ ಸತ್ತುಹೋಗುತ್ತದೆ. ಅಲ್ಲಿ ಎಚ್‌ಎಫ್ ಬೇಕು, ಅಂದರೆ 3ರಿಂದ 30 ಮೆಗಾಹರ್ಟ್ಸ್. ಸಾಮಾನ್ಯವಾಗಿ ಎಚ್‌ಎಫ್ ಅಂದರೆ ಸಾವಿರಾರು ಕಿಲೋಮೀಟರ್ ದೂರಕ್ಕೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹತ್ತಿರಕ್ಕೂ ಅದನ್ನೇ ಬಳಸಬಹುದು, ಆಂಟೆನಾವನ್ನು ಬೇಕಂತಲೇ ತಗ್ಗಿನಲ್ಲಿ ಕಟ್ಟಬೇಕು. 5 ಮೆಗಾಹರ್ಟ್ಸ್‌ಗೆ ತಂತಿ ಒಟ್ಟು 28.6 ಮೀಟರ್, ನಡುವೆ ಕತ್ತರಿಸಿ ಕೇಬಲ್ ಸೇರಿಸಿದರೆ ಒಂದೊಂದು ಬದಿಗೆ 14.3. ಎರಡು ಮರಗಳ ನಡುವೆ ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಎಳೆದು ಕಟ್ಟಿದರೂ ಸಾಕು. ಅಲೆ ನೆಟ್ಟಗೆ ಆಕಾಶಕ್ಕೆ ಹೋಗಿ, ಮೇಲಿನ ಅಯಾನುಗೋಳ ಎಂಬ ವಿದ್ಯುತ್ ಕಣಗಳ ಪದರಕ್ಕೆ ಬಡಿದು, ಅಡಿಕೆ ತೋಟದ ಸ್ಪ್ರಿಂಕ್ಲರ್ ನೀರಿನ ಹಾಗೆ ಸುತ್ತಲೂ ಬೀಳುತ್ತದೆ. ಗುಡ್ಡ ಅಡ್ಡ ಬರುವುದೇ ಇಲ್ಲ. ಸುತ್ತ ಇನ್ನೂರು ಮುನ್ನೂರು ಕಿಲೋಮೀಟರ್ ದೂರದವರೆಗೆ ಮಾತಾಡಬಹುದು. ಹಗಲು 5ರಿಂದ 7 ಮೆಗಾಹರ್ಟ್ಸ್, ರಾತ್ರಿಯಾದರೆ 3–4ಕ್ಕೆ ಇಳಿಯಬೇಕು, ಏಕೆಂದರೆ ಸೂರ್ಯ ಮುಳುಗಿದ ಮೇಲೆ ಆ ಪದರ ತೆಳುವಾಗುತ್ತದೆ. ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ತಲೆಗೆ ಹೋಗುವುದಿಲ್ಲ, ತಂತಿ ಕಟ್ಟಿ ಆ ಕಡೆಯ ಧ್ವನಿ ಕೇಳಿದ ದಿನ ಹುಡುಗರ ಮುಖ ನೋಡಬೇಕು!

ನಮ್ಮ ಮಳೆಗಾಲ ಇನ್ನೊಂದು ಮೇಷ್ಟ್ರು. ಸೆಟ್ ಕೆಟ್ಟಿದೆ ಎಂದು ತರುವ ಪ್ರತಿಯೊಬ್ಬನಿಗೂ ನಾನು ಮೊದಲು ಕೇಬಲ್ ತುದಿಯ ಕನೆಕ್ಟರ್ ಬಿಚ್ಚಲು ಹೇಳುತ್ತೇನೆ. ಕರಾವಳಿಯಲ್ಲಿ ಅದರೊಳಗೆ ಹಸಿರು ಕಿಲುಬು ಕೂತಿರುತ್ತದೆ. ನೀರು ಒಮ್ಮೆ ಒಳಗೆ ಹೋದರೆ ಹೊರಗಿನಿಂದ ಚೆನ್ನಾಗಿ ಕಾಣುವ ಕೇಬಲ್ ಒಳಗೊಳಗೇ ಕಪ್ಪಾಗಿ, ಸೆಟ್ಟಿನ ಶಕ್ತಿಯನ್ನೆಲ್ಲ ತಾನೇ ತಿನ್ನುತ್ತದೆ. ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಸುತ್ತಿ, ಕೇಬಲನ್ನು ಸ್ವಲ್ಪ ಕೆಳಗೆ ಬಾಗಿಸಿ ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಇಷ್ಟೆಲ್ಲ ಮಾತಾಡಲು ಕಲಿಸಿದ ಮೇಲೆ ಸುಮ್ಮನಿರಲು ಕಲಿಸಬೇಕು. ಇದೇ ಎಲ್ಲಕ್ಕಿಂತ ಕಷ್ಟ. ನೀವು ಗುಂಡಿ ಒತ್ತಿದ ಕೂಡಲೇ ಎದುರಾಳಿಯ ಎರಡು ಮೂರು ರಿಸೀವರ್‌ಗಳು ನಿಮ್ಮ ದಿಕ್ಕು ಗುರುತಿಸುತ್ತವೆ. ಆ ಗೆರೆಗಳು ಕೂಡುವ ಜಾಗದಲ್ಲಿ ನೀವಿದ್ದೀರಿ. ಮಾತು ಗುಪ್ತಲಿಪಿಯಲ್ಲಿದ್ದರೂ ಇದು ತಪ್ಪುವುದಿಲ್ಲ. ಯಾರು, ಯಾರ ಜೊತೆ, ಎಷ್ಟು ಹೊತ್ತು ಮಾತಾಡಿದರು ಎಂಬುದೇ ಅರ್ಧ ಕಥೆ ಹೇಳುತ್ತದೆ. 1971ರಲ್ಲಿ ನಮ್ಮವರು ಇದನ್ನೇ ತಿರುಗಿಸಿ ಬಳಸಿದರು. ವಿಮಾನವಾಹಕ ವಿಕ್ರಾಂತ್ ಅಂಡಮಾನ್ ಕಡೆ ಇತ್ತು. ಐಎನ್‌ಎಸ್ ರಜಪೂತ್ ಎಂಬ ಹಳೆಯ ಹಡಗು ವಿಶಾಖಪಟ್ಟಣದ ಹೊರಗೆ ತಾನೇ ವಿಕ್ರಾಂತ್ ಎಂಬಂತೆ ರೇಡಿಯೊ ಸಂದೇಶಗಳನ್ನು ಹರಿಬಿಟ್ಟಿತು. ಆಗ ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಬರೆದ ಪ್ರಕಾರ, ಅಮ್ಮನ ಆರೋಗ್ಯ ವಿಚಾರಿಸುವ ಒಬ್ಬ ನಾವಿಕನ ಖಾಸಗಿ ತಂತಿಯನ್ನೂ ಗುಪ್ತಲಿಪಿಯಿಲ್ಲದೆ ಸಾದಾ ಭಾಷೆಯಲ್ಲೇ ಕಳಿಸಲಾಗಿತ್ತು. ವಿಕ್ರಾಂತ್ ಬೇಟೆಗೆ ಬಂದ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ಡಿಸೆಂಬರ್ 3ರ ನಡುರಾತ್ರಿಯ ಹೊತ್ತಿಗೆ ವಿಶಾಖಪಟ್ಟಣದ ಹೊರಗೆ ಮುಳುಗಿತು.

ಸೈಬರ್ ಪಾಠವನ್ನು ನಾನು ಶುರು ಮಾಡುವುದು ಇಲ್ಲಿಂದ. ಅಮ್ಮನಿಗೆ ಕಳಿಸಿದ ತಂತಿಯ ಜಾಗದಲ್ಲಿ ಈಗ ವಾಟ್ಸ್ಆ್ಯಪ್ ಸ್ಟೇಟಸ್ ಇದೆ. ಫೋಟೊದಲ್ಲಿ ಜಾಗದ ವಿವರ ಕೂತಿರುತ್ತದೆ, ಹಿಂದೆ ಹಡಗಿನ ಅಂಚು ಕಾಣುತ್ತದೆ, ‘ನಾಳೆಯಿಂದ ಫೋನ್ ಇರಲ್ಲ ಅಮ್ಮಾ’ ಎಂಬ ಒಂದು ಸಾಲು ಹಡಗು ಹೊರಡುವ ದಿನವನ್ನೇ ಹೇಳುತ್ತದೆ. 2019ರ ಡಿಸೆಂಬರ್‌ನಲ್ಲಿ ನೇವಿ ತನ್ನ ನೆಲೆ ಮತ್ತು ಹಡಗುಗಳಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿದ್ದು ಇದಕ್ಕೇ. ಮರು ವರ್ಷ ಸೈನ್ಯ 89 ಆ್ಯಪ್‌ಗಳನ್ನು ಅಳಿಸಲು ಹೇಳಿತು. ದೂರದ ಮಾತು ಯಾಕೆ, 2025ರ ಫೆಬ್ರವರಿಯಲ್ಲಿ ಎನ್‌ಐಎ ನಮ್ಮ ಜಿಲ್ಲೆಗೇ ಬಂದು, ಕಾರವಾರ ನೌಕಾನೆಲೆಯ ಮಾಹಿತಿ ಹೊರಗೆ ಕೊಟ್ಟ ಆರೋಪದ ಮೇಲೆ ಬಂಧನ ಮಾಡಿತು. ಫೇಸ್‌ಬುಕ್ ಗೆಳೆತನದಿಂದ ಬಲೆಗೆ ಬಿದ್ದದ್ದು ಎಂಬುದು ಆರೋಪ. ಅಲ್ಲಿ ಯಾವ ಕಂಪ್ಯೂಟರನ್ನೂ ಯಾರೂ ಹ್ಯಾಕ್ ಮಾಡಬೇಕಾಗಲಿಲ್ಲ. ನೆಲೆಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುವ ನಮ್ಮೂರ ಹುಡುಗರೇ, ಪರಿಚಯವಿಲ್ಲದವರ ರಿಕ್ವೆಸ್ಟ್ ಬಂದರೆ ದಯವಿಟ್ಟು ಬಿಟ್ಟುಬಿಡಿ, ಸಂಶಯ ಬಂದರೆ ಮೇಲಿನವರಿಗೆ ಹೇಳಿಬಿಡಿ.

ಭರ್ತಿಯ ಮೊದಲೇ ಏನಾದರೂ ಕಲಿಯಬೇಕು ಎನ್ನುವವರಿಗೆ ನನ್ನ ಸಲಹೆ ಹ್ಯಾಮ್ ರೇಡಿಯೊ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೊ. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಕೆಳಗಿನ ದರ್ಜೆಗೆ ಮೋರ್ಸ್ ಎಂಬ ಚುಕ್ಕೆ-ಗೆರೆಗಳ ಸಂಕೇತ ಬೇಡ, ಮೇಲಿನ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗ ಬೇಕು. ಲೈಸೆನ್ಸ್ ಬರುವ ತನಕ ಕೇಳಿ, ಬರೆದುಕೊಳ್ಳಿ, ಗುಂಡಿ ಮಾತ್ರ ಒತ್ತಬೇಡಿ. ಜೊತೆಗೆ ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ, ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ಐಪಿ ವಿಳಾಸದ ಲೆಕ್ಕ ಕಲಿಯಿರಿ, ಎರಡು ಯಂತ್ರಗಳನ್ನು ನೀವೇ ಜೋಡಿಸಿ ನೋಡಿ. ಪ್ರಯೋಗ ಏನಿದ್ದರೂ ನಿಮ್ಮದೇ ಯಂತ್ರದ ಮೇಲೆ ಇರಲಿ. ಪಕ್ಕದ ಮನೆಯ ವೈಫೈಗೆ ಮೋಸದಿಂದ ಕೈಹಾಕಿದರೆ ಐಟಿ ಕಾಯ್ದೆಯ 66ನೇ ಸೆಕ್ಷನ್ ಇದೆ, ಮೂರು ವರ್ಷದವರೆಗೆ ಜೈಲು. ಅಂಥ ಕೇಸೊಂದು ಹೆಸರಿಗೆ ಅಂಟಿಕೊಂಡರೆ ಪೊಲೀಸ್ ವೆರಿಫಿಕೇಶನ್‌ನಲ್ಲೇ ಭರ್ತಿ ನಿಂತುಹೋಗಬಹುದು.