ವಾಯ್ಸ್ ಕೊಟ್ಟವ್ರು ತೀರಿಹೋದ್ರೆ ಪಾತ್ರಕ್ಕೂ ಸೂತಕವಾ?

"ಅಣ್ಣಾ, ಗೇಮಲ್ಲಿ ವಾಯ್ಸ್ ಕೊಟ್ಟವ್ರು ತೀರಿಹೋದ್ರೆ ಆಡುವ ನಾವು ಎಂತ ಮಾಡ್ಬೇಕು?" ಇದು ಎಷ್ಟನೇ ಸಲ ಅಂತ ಲೆಕ್ಕ ಇಡುದು ಬಿಟ್ಟಿದ್ದೇನೆ. ಈ ಸಲ ಕೇಳಿದ್ದು ಬದಿಯಡ್ಕದ ಹುಡುಗ, ನಮ್ಮೂರಿನವ ಅಂತ ಸ್ವಲ್ಪ ಉದ್ದಕ್ಕೆ ಬರೀತೇನೆ, ಇನ್ನು ಯಾರು ಕೇಳಿದ್ರೂ ಇದನ್ನೇ ಫಾರ್ವರ್ಡ್ ಮಾಡುದು ಆಯ್ತಾ.

ಉತ್ತರ ಚಿಕ್ಕದು. ಗೇಮ್ ಒಳಗೆ ಸೇರಿ, ಸುಮ್ನೆ ನಿಲ್ಲಿ. 2023 ಮಾರ್ಚಲ್ಲಿ ಡೆಸ್ಟಿನಿ 2 ಗೇಮಿನ ಜವಾಲಾ ಪಾತ್ರಕ್ಕೆ ಸ್ವರ ಕೊಟ್ಟ ಲ್ಯಾನ್ಸ್ ರೆಡಿಕ್ ಹೋದಾಗ ಅದನ್ನು ಆಡುವವ್ರು ಗೇಮೊಳಗೆ ಎಲ್ಲರೂ ಸೇರುವ ಟವರಿಗೆ ಹೋಗಿ ಜವಾಲಾನ ಎದುರು ಸೆಲ್ಯೂಟ್ ಹೊಡ್ದು ನಿಂತ್ರು. 2021ರಲ್ಲಿ ಬೆರ್ಸರ್ಕ್ ಅನ್ನುವ ಜಪಾನೀ ಕಾಮಿಕ್ ಬರೆದ ಕೆಂಟಾರೋ ಮಿಯುರಾ ಹೋದಾಗ ಫೈನಲ್ ಫ್ಯಾಂಟಸಿ 14 ಗೇಮಲ್ಲಿ ಬೆರ್ಸರ್ಕ್ ನಾಯಕನ ಹಾಗೆ ದೊಡ್ಡ ಕತ್ತಿ ಹಿಡಿಯುವ ಡಾರ್ಕ್ ನೈಟ್‌ಗಳು ಸಾಲಾಗಿ ನಿಂತಿದ್ರು. ಅಲ್ಲಿಗೆ ಹೋಗಿ ಗುಂಡು ಹಾರಿಸಿ ತಮಾಷೆ ಮಾಡ್ಬೇಡಿ, ಅಷ್ಟೇ. 2006ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟಲ್ಲಿ ಒಬ್ಬ ಪ್ಲೇಯರಿನ ಶೋಕಸಭೆಗೇ ನುಗ್ಗಿ ಎಲ್ಲರನ್ನೂ ಕೊಂದವ್ರನ್ನು ಜನ ಇವತ್ತಿಗೂ ಬೈತಾರೆ.

ಆದ್ರೆ ಈ ಪ್ರಶ್ನೆಯ ಬಾಲಕ್ಕೆ ಯಾವಾಗ್ಲೂ ಇನ್ನೊಂದು ಉಂಟು, "ಆ ಪಾತ್ರ ಬೇರೆಯವ್ರಿಗೆ ಕೊಟ್ಟದ್ದು ಹೋದವ್ರಿಗೆ ಅವಮಾನ ಅಲ್ವಾ?"

ಅಲ್ಲ ಮಾರಾಯ್ರೆ, ಅಲ್ಲ! ಕುಂಬಳೆ ಸೀಮೆಯಲ್ಲಿ ಹುಟ್ಟಿ ಇದನ್ನು ಕೇಳ್ತೀರಲ್ಲ. ತಾಳಮದ್ದಳೆಯಲ್ಲಿ, ಅಂದ್ರೆ ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದಲ್ಲಿ, ವಾಲಿಯಾಗಿ ಅರ್ಥ (ಪಾತ್ರದ ಮಾತು) ಹೇಳ್ತಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ಹೋದ್ರು, ಹಾಗಂತ ವಾಲಿಗೆ ಸೂತಕ ಹಿಡಿಸಿ ವಾಲಿವಧೆ ತಾಳಮದ್ದಳೆಯನ್ನೇ ನಿಲ್ಲಿಸಿದ್ರಾ? ದೊಡ್ಡ ಅರ್ಥಧಾರಿ ಹೋದ್ರೆ ನಮ್ಮಲ್ಲಿ ಸಂಸ್ಮರಣೆಗೆ ಕೂಟವನ್ನೇ ಇಡುದು, ಪದ್ಯ ಅದೇ, ಪಾತ್ರ ಅದೇ, ಅರ್ಥ ಹೇಳುವವ್ರು ಬೇರೆ, ಹಿಂದಿನ ಸಾಲಲ್ಲಿ ಅಜ್ಜಂದಿರು "ಅವರ ಹಾಗೆ ಆಗ್ಲಿಲ್ಲ" ಅಂತ ಗೊಣಗ್ತಾರೆ, ಗೊಣಗ್ಲಿ, ಗೊಣಗ್ಲಿಕ್ಕಾದ್ರೂ ಬಂದ್ರಲ್ಲ. ಜವಾಲಾನದ್ದೂ ಅದೇ ಕಥೆ. 2014ರಿಂದ ನಡ್ಕೊಂಡು ಬಂದ ಡೆಸ್ಟಿನಿಯ ಕಥೆ 2024ರ ದಿ ಫೈನಲ್ ಶೇಪ್ ಅನ್ನುವ ಭಾಗದಲ್ಲಿ ಮುಗಿಯುವಾಗ ಜವಾಲಾ ಬಾಯಿಮುಚ್ಚಿ ನಿಂತಿದ್ರೆ ಹೇಗಿರ್ತಿತ್ತು? ಕೀತ್ ಡೇವಿಡ್ ಬಂದ್ರು, ಹೇಲೋದ ಆರ್ಬಿಟರಿಗೆ, ಮಾಸ್ ಎಫೆಕ್ಟಿನ ಆಂಡರ್ಸನ್ನಿಗೆ ಸ್ವರ ಕೊಟ್ಟವ್ರು, ರೆಡಿಕರ ಮಿಮಿಕ್ರಿ ಮಾಡ್ಲಿಕ್ಕೆ ಹೋಗದೆ ತಮ್ಮ ಸ್ವರದಲ್ಲೇ ಹೇಳಿದ್ರು. ಬ್ಯಾಟ್‌ಮ್ಯಾನಿನ ಸ್ವರ ಅಂತಲೇ ಹೆಸರಾದ ಕೆವಿನ್ ಕಾನ್ರಾಯ್ ಹೋದದ್ದು 2022ರಲ್ಲಿ, ಆದ್ರೆ ಅವರು ಬದುಕಿರುವಾಗ್ಲೇ 2013ರ ಆರ್ಕಮ್ ಒರಿಜಿನ್ಸ್ ಗೇಮಲ್ಲಿ ಬ್ಯಾಟ್‌ಮ್ಯಾನಿಗೆ ರೋಜರ್ ಕ್ರೇಗ್ ಸ್ಮಿತ್ ಸ್ವರ ಇತ್ತು. ಆಗ ಯಾರಿಗೆ ಅವಮಾನ ಆಯ್ತು ಹೇಳಿ?

ಇನ್ನೊಂದು ಯಾರೂ ಕೇಳ್ಲಿಲ್ಲ, ಆದ್ರೂ ಹೇಳ್ತೇನೆ, ಎಐ ಸ್ವರದ್ದು. ಸೈಬರ್‌ಪಂಕ್ 2077 ಗೇಮಿನ ಪೋಲಿಷ್ ಆವೃತ್ತಿಯಲ್ಲಿ ವಿಕ್ಟರನಿಗೆ ಸ್ವರ ಕೊಟ್ಟ ಮಿಲೋಗೊಸ್ಟ್ ರೆಚೆಕ್ 2021ರಲ್ಲಿ ಹೋದ್ರು. 2023ರಲ್ಲಿ ಬಂದ ಫ್ಯಾಂಟಮ್ ಲಿಬರ್ಟಿ ಅನ್ನುವ ಅದರ ಹೆಚ್ಚುವರಿ ಭಾಗಕ್ಕೆ ಇನ್ನೊಬ್ಬ ನಟ ಮಾತು ಹೇಳಿ, ಅದನ್ನು ಎಐ ಮೂಲಕ ರೆಚೆಕರ ಸ್ವರಕ್ಕೆ ತಂದ್ರು, ಮನೆಯವ್ರನ್ನು ಕೇಳಿಯೇ. ಸರಿ, ಅಲ್ಲಿ ಬರೆದ ಡೈಲಾಗ್ ಉಂಟು, ಹೇಳುವ ಮನುಷ್ಯ ಉಂಟು. 2025ರಲ್ಲಿ ಫೋರ್ಟ್‌ನೈಟಿಗೆ ಸ್ಟಾರ್ ವಾರ್ಸಿನ ಡಾರ್ತ್ ವೇಡರ್ ಎಐ ಸ್ವರದಲ್ಲಿ ಬಂದ, ಅವನಿಗೆ ಸಿನೆಮಾದಲ್ಲಿ ಸ್ವರ ಕೊಟ್ಟ ಜೇಮ್ಸ್ ಅರ್ಲ್ ಜೋನ್ಸ್ ಹೋಗಿ ವರ್ಷ ಆಗಿರ್ಲಿಲ್ಲ. ಅಲ್ಲೂ ಮನೆಯವ್ರ ಒಪ್ಪಿಗೆ ಇತ್ತು, ಆದ್ರೆ ಅದು ನಾವು ಕೇಳಿದ್ದಕ್ಕೆಲ್ಲ ಬಾಯಿಗೆ ಬಂದ ಉತ್ತರ ಕೊಡುವ ವೇಡರ್, ಕೆಲವೇ ಗಂಟೆಯಲ್ಲಿ ಜನ ಅದರ ಬಾಯಲ್ಲಿ ಕೆಟ್ಟ ಮಾತು ಹೇಳಿಸಿ ನಗಾಡಿದ್ರು, ಕಂಪನಿಯವ್ರು ಓಡೋಡಿ ಸರಿಮಾಡಿದ್ರು.

ತಾಳಮದ್ದಳೆಯ ಮಾತು ಆಗಲೇ ಹುಟ್ಟುವುದು, ಬರೆದಿಟ್ಟದ್ದಲ್ಲ. ಹಾಗಾಗಿ ನಿಮ್ಮಲ್ಲಿ ಯಾರಾದ್ರೂ ಶೇಣಿಯವರ ಹಳೇ ಕ್ಯಾಸೆಟ್ ಎಐಗೆ ಹಾಕಿ ಹೊಸ ಅರ್ಥ ಹೇಳಿಸ್ಲಿಕ್ಕೆ ಹೊರಟಿದ್ರೆ ಮೊದ್ಲು ನನಗೊಂದು ಫೋನ್ ಮಾಡಿ, ಬೈಲಿಕ್ಕುಂಟು.