ಉಪ್ಪಿನ ಜೊತೆ ಸಕ್ಕರೆ ಬಂದರೆ ತೆರೆಯುವ ಬಾಗಿಲು

ಭೇದಿಯಿಂದ ಸೊರಗಿದ ಮಗುವಿನ ಮನೆಗೆ ಬಂದ ಆಶಾ ಕಾರ್ಯಕರ್ತೆ ಓಆರ್‌ಎಸ್ ಪೊಟ್ಟಣ ಕೊಟ್ಟು, "ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ, ಸ್ವಲ್ಪ ಸ್ವಲ್ಪವೇ ಕುಡಿಸ್ತಾ ಇರಿ" ಅನ್ನುತ್ತಾರೆ. ಅದರಲ್ಲಿ ಉಪ್ಪಿನ ಜೊತೆ ಗ್ಲುಕೋಸ್ ಯಾಕಿದೆ? ಮಗು ಇಷ್ಟಪಟ್ಟು ಕುಡಿಯಲಿ ಅಂತ, ಇಲ್ಲವೇ ಶಕ್ತಿ ಬರಲಿ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅದರ ಮುಖ್ಯ ಕೆಲಸ ಬೇರೆ. ಸಕ್ಕರೆ ಇಲ್ಲದಿದ್ದರೆ ಆ ಉಪ್ಪು ಕರುಳಿನಿಂದ ಮೈಗೆ ಸರಿಯಾಗಿ ಸೇರುವುದೇ ಇಲ್ಲ.

ನಮ್ಮ ಪ್ರತಿ ಜೀವಕೋಶದ ಸುತ್ತ ಒಂದು ಪೊರೆ ಇದೆ. ಎರಡು ಪದರದ, ಜಿಡ್ಡಿನಿಂದ ಆದ, ತೀರಾ ತೆಳುವಾದ ಪೊರೆ. ಆಮ್ಲಜನಕ ಅದರ ಮೂಲಕ ಸುಲಭವಾಗಿ ನುಸುಳುತ್ತದೆ. ನೀರಿನಲ್ಲಿ ಕರಗುವ ಉಪ್ಪು, ಸಕ್ಕರೆಗೆ ಆ ಜಿಡ್ಡು ದಾಟಲು ಆಗುವುದಿಲ್ಲ. ಅವಕ್ಕೆ ಪೊರೆಯಲ್ಲಿ ಹುದುಗಿರುವ ಪ್ರೋಟೀನ್ ಬಾಗಿಲುಗಳೇ ಬೇಕು.

ನೀರಿನ ರೀತಿ ಇನ್ನೊಂದು. ಉಪ್ಪು ಸಕ್ಕರೆ ಎಲ್ಲಿ ಜಾಸ್ತಿಯೋ ಅದು ಅತ್ತ ಹರಿಯುತ್ತದೆ. ಕೋಸಂಬರಿಗೆ ಮೊದಲೇ ಉಪ್ಪು ಹಾಕಿಟ್ಟರೆ ಸೌತೆಕಾಯಿ ನೀರು ಬಿಡುತ್ತದೆ, ಅಲ್ವಾ? ಅದೇ ಇದು.

1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ನರಗಳಲ್ಲಿ ಒಂದು ಪಂಪ್ ಪತ್ತೆ ಮಾಡಿದರು. ಅದು ಕೋಶದೊಳಗಿನ ಸೋಡಿಯಂ ಅನ್ನು ಎಡೆಬಿಡದೆ ಹೊರಗೆ ತಳ್ಳುತ್ತದೆ. ಹಾಗಾಗಿ ಒಳಗೆ ಸೋಡಿಯಂ ಯಾವಾಗಲೂ ಕಡಿಮೆ, ಹೊರಗಿನ ಸೋಡಿಯಂಗೆ ಯಾವಾಗಲೂ ಒಳಗೆ ನುಗ್ಗುವ ಒತ್ತಡ. 1960ರ ಆಗಸ್ಟ್‌ನಲ್ಲಿ ಪ್ರಾಗ್‌ನ ಒಂದು ಸಭೆಯಲ್ಲಿ ಅಮೆರಿಕದ ರಾಬರ್ಟ್ ಕ್ರೇನ್ ಈ ಎಳೆಯನ್ನು ಮುಂದುವರಿಸಿದರು. ಹಾಗೆ ನುಗ್ಗುವ ಸೋಡಿಯಂ ಜೊತೆಗೇ ಸಕ್ಕರೆ ಕರುಳಿನ ಕೋಶದೊಳಗೆ ಹೋಗುತ್ತದೆ ಎಂದರು. ಎರಡಕ್ಕೂ ಒಂದೇ ಬಾಗಿಲು. ಎರಡು ಸೋಡಿಯಂ, ಒಂದು ಗ್ಲುಕೋಸ್ ಒಟ್ಟಿಗೆ ಬಂದು ಕೂತರೆ ಅದು ಒಳಕ್ಕೆ ಬಿಡುತ್ತದೆ. ಹಿಂದೆಯೇ ನೀರೂ ಹೋಗುತ್ತದೆ.

ಆಗ ಕಾಲರಾ ರೋಗಿಗಳಿಗೆ ಇದ್ದ ಭರವಸೆ ಡ್ರಿಪ್ ಒಂದೇ. ಕಾಲರಾ ರೋಗಾಣು ಒಂದು ವಿಷ ಬಿಡುತ್ತದೆ ಎಂದು 1959ರಲ್ಲಿ ಕಲ್ಕತ್ತಾದ ಶಂಭುನಾಥ್ ಡೇ ತೋರಿಸಿದ್ದರು. ಆ ವಿಷ ಕರುಳಿನ ಕೋಶಗಳ ಕ್ಲೋರೈಡ್ ಬಾಗಿಲನ್ನು ತೆರೆದೇ ಇಡುತ್ತದೆ ಅನ್ನುವುದು ಆಮೇಲೆ ತಿಳಿಯಿತು. ಉಪ್ಪು ಹೊರಗೆ ಸುರಿಯುತ್ತದೆ, ಅದರ ಹಿಂದೆ ನೀರು. ಕಾಯಿಲೆ ಜೋರಾದರೆ ಗಂಟೆಗೆ ಒಂದು ಲೀಟರ್‌ವರೆಗೂ ಹೋಗುತ್ತದೆ. ಸೋಡಿಯಂ ಪಂಪೇ ಕೆಟ್ಟಿದೆ, ಬಾಯಲ್ಲಿ ಕುಡಿಸಿ ಪ್ರಯೋಜನವಿಲ್ಲ ಎಂದು ಕೆಲವರು ನಂಬಿದ್ದರು. ಆದರೆ ಸಕ್ಕರೆ–ಸೋಡಿಯಂ ಬಾಗಿಲಿಗೆ ಆ ವಿಷದಿಂದ ಏನೂ ಆಗಿರುವುದಿಲ್ಲ. ಹೊರಬಾಗಿಲಲ್ಲಿ ಸೋರುತ್ತಿರುವಾಗಲೇ ಒಳಬಾಗಿಲಿನಿಂದ ತುಂಬಿಸಬಹುದು.

ನನಗೆ ಇಲ್ಲಿ ತುಂಬ ಬೇಸರ ತರಿಸುವ ಒಂದು ವಿಷಯವಿದೆ. ಕಲ್ಕತ್ತಾದ ಹೇಮೇಂದ್ರನಾಥ್ ಚಟರ್ಜಿ 1953ರಲ್ಲೇ, ಕಾಯಿಲೆ ತೀರಾ ಬಿಗಡಾಯಿಸಿರದ 186 ಕಾಲರಾ ರೋಗಿಗಳಿಗೆ ಉಪ್ಪು–ಗ್ಲುಕೋಸ್ ನೀರು ಕುಡಿಸಿ ಗುಣಪಡಿಸಿದ್ದರು. ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚೂ ಆಯಿತು. ಯಾಕೆ ಕೆಲಸ ಮಾಡಿತು ಎಂಬ ವಿವರಣೆ ಆಗ ಇರಲಿಲ್ಲ, ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಹೆಚ್ಚಿನವರು ಗಮನ ಕೊಡಲಿಲ್ಲ. ಹದಿನೈದು ವರ್ಷ ಹಾಗೇ ಕಳೆಯಿತು. 1968ರಲ್ಲಿ ಅಮೆರಿಕದ ವೈದ್ಯರಾದ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಢಾಕಾದಲ್ಲಿ ಇಂಥದೇ ನೀರನ್ನು ಅಳತೆಯಿಟ್ಟು ಕುಡಿಸಿ, ಡ್ರಿಪ್‌ನ ಅಗತ್ಯ ಶೇ 80ರಷ್ಟು ಇಳಿಯಿತು ಎಂದು ತೋರಿಸಿದರು.

1971ರಲ್ಲಿ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶ) ಯುದ್ಧದಿಂದ ಓಡಿಬಂದ ಸುಮಾರು ಒಂದು ಕೋಟಿ ಜನ ಭಾರತದಲ್ಲಿ ಆಸರೆ ಪಡೆದರು. ಗಡಿಯ ಬನಗಾಂವ್‌ನ ಶಿಬಿರದಲ್ಲಿ ಕಾಲರಾ ಹಬ್ಬಿತು. ರೋಗಿಗಳು ಆಸ್ಪತ್ರೆಯ ನೆಲದ ಮೇಲೆಲ್ಲ ಮಲಗಿದ್ದರು, ಡ್ರಿಪ್ ಬಾಟಲಿ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಲನಬಿಸ್ ಗಟ್ಟಿ ಮನಸ್ಸು ಮಾಡಿದರು. ಉಪ್ಪು, ಅಡುಗೆ ಸೋಡಾ, ಗ್ಲುಕೋಸ್ ಬೆರೆಸಿದ ಪುಡಿಯನ್ನು ಕಲ್ಕತ್ತಾದಲ್ಲಿ ಚೀಲಗಳಿಗೆ ತುಂಬಿಸಿ ತರಿಸಿದರು. ಡ್ರಮ್ಮಿನ ನೀರಿಗೆ ಕಲಸಿದರು. ಅಮ್ಮ, ಅಣ್ಣ, ಅಜ್ಜಿ, ಯಾರಿದ್ದರೆ ಅವರೇ ತಮ್ಮವರಿಗೆ ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ಅವರು ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ. ಅವರು ಬದುಕಿದ್ದಾಗಲೇ ಕೊಡಬೇಕಿತ್ತು.

ಆಮೇಲೆ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರ ದಶಕದಲ್ಲಿ ಮನೆಮನೆಗೆ ಹೋಗಿ ತಾಯಂದಿರಿಗೆ ಚಿಟಿಕೆ ಉಪ್ಪು, ಹಿಡಿ ಬೆಲ್ಲದ ಅಳತೆ ಕಲಿಸಿತು. ಸಕ್ಕರೆ–ಸೋಡಿಯಂ ಬಾಗಿಲಿನ ಪ್ರೋಟೀನ್‌ನ ಜೀನ್ ಅನ್ನು ಅರ್ನೆಸ್ಟ್ ರೈಟ್ ತಂಡ ಬೇರ್ಪಡಿಸಿದ್ದು 1987ರಲ್ಲಿ. ಅಷ್ಟು ಹೊತ್ತಿಗೆ ಲಕ್ಷಾಂತರ ಮಕ್ಕಳು ಉಳಿದಿದ್ದರು.

ಅಳತೆಯ ಮಾತು ಸುಮ್ನೆ ಅಲ್ಲ. ಸಕ್ಕರೆ ಜಾಸ್ತಿಯಾದರೆ ಅಷ್ಟನ್ನೂ ಒಳಗೆ ಬಿಡಲು ಬಾಗಿಲುಗಳು ಸಾಲುವುದಿಲ್ಲ. ಉಳಿದ ಸಕ್ಕರೆ ಕರುಳಿನಲ್ಲೇ ನಿಂತು, ಕೋಸಂಬರಿಯ ಉಪ್ಪಿನಂತೆ, ಮೈಯ ನೀರನ್ನು ಹೊರಗೆ ಎಳೆಯುತ್ತದೆ. ಭೇದಿ ಹೆಚ್ಚುತ್ತದೆ. ಇದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಹಳೆಯ ಸೂತ್ರದ ಉಪ್ಪು, ಸಕ್ಕರೆ ಎರಡನ್ನೂ ಇಳಿಸಿತು. ಆದರೂ ನಮ್ಮ ಅಂಗಡಿಗಳಲ್ಲಿ ಸಿಹಿ ಪಾನೀಯಗಳು ಓಆರ್‌ಎಸ್ ಅನ್ನುವ ಹೆಸರು ಹೊತ್ತು ವರ್ಷಗಟ್ಟಲೆ ಮಾರಾಟವಾದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಹೆಸರನ್ನು ನಿಷೇಧಿಸಿತು. ಪೊಟ್ಟಣ ಕೊಳ್ಳುವಾಗ ಹಿಂಬದಿ ಓದಿ. ಒಂದು ಲೀಟರ್‌ಗೆ ಗ್ಲುಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರಬೇಕು.